ದಾದರ್‌ನ ಎರಡು ಒಂದನೇ ನಂಬರುಗಳು

ಮುಂಬಯಿಯಲ್ಲಿ ಬಾಳಿದ ಕನ್ನಡಿಗರು ಬರೆಯಲು ಕೂತರೆ ಲೋಕಲ್ ಗಾಡಿಯ ಬಗ್ಗೆ ಒಂದು ಪುಟವನ್ನಾದರೂ ಬರೆಯದೆ ಬಿಡುವುದಿಲ್ಲ. ಗರ್ದಿ, ಭಜನೆ, ಇಸ್ಪೀಟು, ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವರಾಗಿ ಕೂರುವ ಕಸರತ್ತು, ಗಾಡಿಯ ಗೆಳೆಯರು ಮಗಳ ಮದುವೆಗೆ ಬಂದು ಮುಯ್ಯಿ ಮಾಡಿ ಹೋದದ್ದು, ಹೀಗೆ. ಎಲ್ಲ ನಿಜವೇ. ನಾನೂ ಇವನ್ನೆಲ್ಲ ಉಂಡವನೇ. ಆದರೆ ಗಾಡಿಯನ್ನು ಹೊಗಳುವ ಭರದಲ್ಲಿ ನಾವು ಸ್ಟೇಷನ್ನನ್ನು ಮರೆಯುತ್ತೇವೆ. ಗಾಡಿ ಅಂದರೆ ಓಡುವ ವಸ್ತು, ಅದರ ಮೇಲೆ ಕವಿತೆ ಕಟ್ಟಬಹುದು. ಸ್ಟೇಷನ್ ಅಂದರೆ ಮೆಟ್ಟಿಲು, ಸೇತುವೆ, ಬೋರ್ಡು, ನಂಬರು. ಇವುಗಳ ಮೇಲೆ ಯಾರು ಬರೆಯುತ್ತಾರೆ ಹೇಳಿ?

ನಾನು ಸಾಹಿತಿ ಅಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಮಾಡಿ, 1982ರಲ್ಲಿ ಬ್ಯಾಂಕು ಸೇರಿ, 1984ರಲ್ಲಿ ಮುಂಬಯಿಗೆ ವರ್ಗವಾಗಿ ಬಂದವನು. ನಡುವೆ ಐದು ವರ್ಷ ಬೇರೆ ಊರುಗಳಲ್ಲಿದ್ದದ್ದು ಬಿಟ್ಟರೆ 2019ರಲ್ಲಿ ನಿವೃತ್ತನಾಗುವ ತನಕ ಇಲ್ಲೇ. ಮನೆ ಡೊಂಬಿವಲಿ, ಕೆಲಸ ಹೆಚ್ಚು ಕಾಲ ಅಂಧೇರಿಯಲ್ಲಿ. ಅಂದಮೇಲೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ದಾದರ್‌ನಲ್ಲಿ ಇಳಿದು, ಸೇತುವೆ ಹತ್ತಿ, ಇನ್ನೊಂದು ರೈಲ್ವೆಯ ಗಾಡಿ ಹಿಡಿಯಲೇಬೇಕು. ಸೇವೆಯಲ್ಲಿದ್ದಾಗ ಅನೇಕ ಶಾಖೆಗಳ ಇನ್ಸ್‌ಪೆಕ್ಷನ್ ಮಾಡಿದ್ದೇನೆ. ಕಥೆಯನ್ನೋ ಕಾದಂಬರಿಯನ್ನೋ ವಿಮರ್ಶೆ ಮಾಡುವ ಯೋಗ್ಯತೆ ನನಗಿಲ್ಲ. ಒಂದು ಸ್ಟೇಷನ್ನಿನ ಜಮೆ ಎಷ್ಟು, ಖರ್ಚು ಎಷ್ಟು ಅಂತ ನೋಡುವಷ್ಟು ಅನುಭವ ಇದೆ. ಇದನ್ನು ಅಂಥದೊಂದು ವರದಿ ಅಂತಲೇ ಓದಿ.

ಮೊದಲು ಇತಿಹಾಸ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. ಸುಮಾರು 34 ಕಿಲೋಮೀಟರ್ ದಾರಿ. ಓಡಿಸಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಅನ್ನೋ ಕಂಪನಿ. ಅರಬ್ಬೀ ಕಡಲಿನ ಬದಿಯ ದಾರಿ ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ ಎಂಬ ಬೇರೆ ಕಂಪನಿಯದು. ಅದರ ಉಪನಗರ ಗಾಡಿ ವಿರಾರ್ ಕಡೆಯಿಂದ 1867ರಲ್ಲಿ ಶುರುವಾಯಿತು. ಎರಡು ಕಂಪನಿ, ಎರಡು ಹಳಿ, ಎರಡು ಲೆಕ್ಕ. ದಾದರ್‌ನಲ್ಲಿ ಇವೆರಡೂ ಪಕ್ಕಪಕ್ಕಕ್ಕೆ ಬಂದವು, ಒಂದೇ ಅಂಗಳದಲ್ಲಿ ಬೇರೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರ ಹಾಗೆ.

ಊರು ಬೆಳೆದದ್ದು ಆಮೇಲೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಕಿಕ್ಕಿರಿದ ಹಳೆ ಪೇಟೆಯಿಂದ ಜನರನ್ನು ಹೊರಗೆ ಹರಡಬೇಕು ಅಂತ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ದಾದರ್, ಮಾಟುಂಗಾ, ವಡಾಳಾ, ಸಾಯನ್ ಕಡೆ ರಸ್ತೆ ಹಾಕಿ ಪ್ಲಾಟು ಕೊಟ್ಟರು. ಹಿಂದೂ ಕಾಲೊನಿ, ಪಾರ್ಸಿ ಕಾಲೊನಿ ಎದ್ದವು, ಮಾಟುಂಗಾಕ್ಕೆ ದಕ್ಷಿಣದವರು ಬಂದರು. ಗುಮಾಸ್ತರು, ಮಾಸ್ತರರು, ಅಕೌಂಟೆಂಟರು ದಿನಾ ಕೋಟೆಗೆ ಹೋಗಿ ಬರುವ ಪದ್ಧತಿ ಗಟ್ಟಿಯಾಯಿತು. 1925ರ ಫೆಬ್ರವರಿ 3ರಂದು ವಿಟಿಯಿಂದ ಕುರ್ಲಾಕ್ಕೆ ಮೊದಲ ವಿದ್ಯುತ್ ಗಾಡಿ ಓಡಿತು. 1928ರಲ್ಲಿ ಪಶ್ಚಿಮದ ಹಳಿಗೂ ವಿದ್ಯುತ್ ಬಂತು. 1951ರ ನವೆಂಬರ್ 5ರಂದು ಹಳೆಯ ಕಂಪನಿಗಳ ಹೆಸರು ಹೋಗಿ ಸೆಂಟ್ರಲ್ ರೈಲ್ವೆ, ವೆಸ್ಟರ್ನ್ ರೈಲ್ವೆ ಆದವು. ಎರಡಕ್ಕೂ ಮುಂಬಯಿಯೇ ಕೇಂದ್ರ, ದಿಲ್ಲಿಯಲ್ಲಿ ಒಬ್ಬರೇ ಮಂತ್ರಿ.

ಇಲ್ಲಿಗೆ ಜಮೆಯ ಬದಿ ಬರೆಯೋಣ. ಡೊಂಬಿವಲಿಯಿಂದ ಅಂಧೇರಿಗೆ ನಾನು ತೆಗೆಸುತ್ತಿದ್ದ ತ್ರೈಮಾಸಿಕ ಪಾಸು ಒಂದೇ. ದಾದರ್ ಮಾರ್ಗವಾಗಿ ಅಂತ ಬರೆದಿದ್ದರೆ ಮುಗಿಯಿತು, ಎರಡೂ ರೈಲ್ವೆಯಲ್ಲಿ ಚಲಾವಣೆ. ಅಷ್ಟು ಅಗ್ಗದಲ್ಲಿ ಅಷ್ಟು ದೂರ ದಿನವೂ ಒಯ್ಯುವ ವ್ಯವಸ್ಥೆ ಇಲ್ಲದಿದ್ದರೆ ನನ್ನಂಥ ಸಂಬಳದವನು ಡೊಂಬಿವಲಿಯಲ್ಲಿ ಸ್ವಂತ ಮನೆ ಕಟ್ಟಿಕೊಳ್ಳುತ್ತಿರಲಿಲ್ಲ. ಕೋವಿಡ್‌ಗೆ ಮುಂಚೆ ಈ ಉಪನಗರ ರೈಲುಗಳು ದಿನಕ್ಕೆ 75 ಲಕ್ಷದಷ್ಟು ಜನರನ್ನು ಹೊತ್ತು ತಿರುಗುತ್ತಿದ್ದವು. ಗಾಡಿ ಬಿಟ್ಟುಹೋದರೆ ಮೂರ್ನಾಲ್ಕು ನಿಮಿಷಕ್ಕೆ ಇನ್ನೊಂದು. 1992ರಲ್ಲಿ ಬರೀ ಹೆಂಗಸರಿಗೆಂದೇ ಚರ್ಚ್‌ಗೇಟಿನಿಂದ ಬೋರಿವಲಿಗೆ ಗಾಡಿ ಬಿಟ್ಟ ಊರು ಇದು. ಇಷ್ಟನ್ನೂ ಒಪ್ಪದೆ ಟೀಕೆ ಮಾಡುವವನು ಉಪ್ಪು ತಿಂದ ಮನೆಗೆ ಎರಡು ಬಗೆದ ಹಾಗೆ.

ಕನ್ನಡಿಗರಿಗಂತೂ ದಾದರ್ ಅಂದರೆ ಊರಿನ ಬಾಗಿಲು. ಹುಬ್ಬಳ್ಳಿ ಹಾದಿಯಿಂದ ಹೋಗುವ ಚಾಲುಕ್ಯ ಎಕ್ಸ್‌ಪ್ರೆಸ್ ಹೊರಡುವುದು ಇಲ್ಲಿಂದ, ಮೈಸೂರಿಗೆ ಹೋಗುವ ಶರಾವತಿ ಎಕ್ಸ್‌ಪ್ರೆಸ್ ಹೊರಡುವುದೂ ಇಲ್ಲಿಂದಲೇ. ಕಲಬುರಗಿ ಕಡೆಯವರಿಗೆ ಉದ್ಯಾನ್ ಇದೆ. ನಾನು ಬಂದ ಹೊಸದರಲ್ಲಿ ಈ ಸುಖ ಇರಲಿಲ್ಲ. ಹುಬ್ಬಳ್ಳಿಯಿಂದ ಮಿರಜಿನವರೆಗೆ ಮೀಟರ್ ಗೇಜು. ಮಿರಜಿನಲ್ಲಿ ಇಳಿದು, ಟ್ರಂಕು, ರೊಟ್ಟಿ ಗಂಟು, ಸೇಂಗಾ ಚಟ್ನಿಯ ಡಬ್ಬಿ ಎಲ್ಲ ಹೊತ್ತು ದೊಡ್ಡ ಗಾಡಿ ಹತ್ತಬೇಕಿತ್ತು. ಒಂದು ಸ್ಟೇಷನ್ ಆಚೆ ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ನು, ಪಶ್ಚಿಮಕ್ಕೆ ಕರ್ನಾಟಕ ಸಂಘ. ನಾಟಕ, ಉಪನ್ಯಾಸ ಮುಗಿಸಿಕೊಂಡು ರಾತ್ರಿ ಕಡೇ ಗಾಡಿಗಳಿಗೆ ದಾದರ್‌ಗೆ ಬಂದು ಕವಲೊಡೆಯುತ್ತಿದ್ದೆವು. ಬೋರಿವಲಿ ಕಡೆಯವರು ಅತ್ತ, ಕಲ್ಯಾಣ ಕಡೆಯವರು ಇತ್ತ.

ಈಗ ಖರ್ಚಿನ ಬದಿ. ಇದಕ್ಕೆ ಒಂದು ಮನೆಯ ವಿಷಯ ಹೇಳಬೇಕು.

1987ರಲ್ಲಿ ನಮ್ಮವ್ವ ತೀರಿಕೊಂಡಳು. ಅಪ್ಪ ಗದಗಿನ ಹತ್ತಿರದ ಹಳ್ಳಿಯಲ್ಲಿ ಒಬ್ಬರೇ ಉಳಿದರು. ಪ್ರಾಥಮಿಕ ಶಾಲೆಯ ಮಾಸ್ತರರಾಗಿ ನಿವೃತ್ತರಾದವರು. ಹಳೇ ಮುಂಬಯಿ ಇಲಾಖೆಯ ಕಾಲದಲ್ಲಿ ಕಲಿತವರಾದ್ದರಿಂದ ಮರಾಠಿ ಅಷ್ಟಿಷ್ಟು ತಿಳಿಯುತ್ತಿತ್ತು. 1988ರ ಚಳಿಗಾಲದಲ್ಲಿ ಅವರನ್ನು ಕರೆತಂದೆ. ಮನಸ್ಸಿನಲ್ಲಿದ್ದದ್ದು, ಹಿಡಿಸಿದರೆ ಇಲ್ಲೇ ಇಟ್ಟುಕೊಳ್ಳೋಣ ಅಂತ. ಹದಿನೈದು ದಿನ ಚೆನ್ನಾಗಿಯೇ ಇದ್ದರು. ಒಂದು ವಾರ ಬೋರಿವಲಿಯಲ್ಲಿ ಅತ್ತೆಯ ಮಗನ ಮನೆಗೆ ಹೋಗಿದ್ದರು. ತಿರುಗಿ ಬರುವ ದಿನ ಅವನಿಗೆ ಡ್ಯೂಟಿ. ಗಾಡಿ ಹತ್ತಿಸಿ ಕಳಿಸುತ್ತೇನೆ, ದಾದರ್‌ನಲ್ಲಿ ನೀನು ಇಳಿಸಿಕೋ ಅಂದ. ಅವರ ಪಕ್ಕದ ಮನೆಯ ಫೋನಿಗೆ ಅಪ್ಪನನ್ನು ಕರೆಸಿ ನಾನು ಹೇಳಿದ್ದು ಇಷ್ಟೇ: "ದಾದರ್‌ನಾಗ ಇಳೀರಿ. ಒಂದನೇ ನಂಬರ್ ಪ್ಲಾಟ್‌ಫಾರಂನಾಗ ನಿಂದರ್ರಿ. ನಾ ಐದಕ್ಕ ಅಲ್ಲೇ ಇರ್ತೀನಿ."

ಐದಕ್ಕೆ ನಾನು ಒಂದನೇ ನಂಬರಿನಲ್ಲಿದ್ದೆ. ಅಪ್ಪ ಇಲ್ಲ. ಆರಾಯಿತು, ಏಳಾಯಿತು. ಸಂಜೆಯ ಗರ್ದಿ ಏರಿತು. ಬೂತಿನಿಂದ ಬೋರಿವಲಿಗೆ ಫೋನ್ ಮಾಡಿದರೆ, ನಾಲ್ಕು ಗಂಟೆಯ ಗಾಡಿಗೇ ಹತ್ತಿಸಿದ್ದಾನಂತೆ ಅಂದರು. ಆಗ ನನ್ನ ಕೈಕಾಲಿನ ಬಲವೇ ಹೋಯಿತು. ಒಬ್ಬ ಹಮಾಲನನ್ನು ಹಿಡಿದು, ಹೀಗೆ ಬಿಳೀ ಧೋತರ, ಕರೀ ಟೋಪಿ, ಕೈಯಲ್ಲಿ ಚೀಲ, ಒಂದನೇ ನಂಬರಿಗೆ ಬರಬೇಕಿತ್ತು ಅಂದೆ. ಅವನು ನನ್ನ ಮುಖ ನೋಡಿ ಕೇಳಿದ, ಯಾವ ಒಂದನೇ ನಂಬರು, ವೆಸ್ಟರ್ನ್ ಒಂದೋ, ಸೆಂಟ್ರಲ್ ಒಂದೋ?

ನೋಡಿ, ನಾಲ್ಕು ವರ್ಷದಿಂದ ಎರಡೂ ರೈಲ್ವೆಯಲ್ಲಿ ದಿನಾ ಓಡಾಡುತ್ತಿದ್ದವನು ನಾನು. ದಾದರ್‌ನಲ್ಲಿ ಎರಡು ಒಂದನೇ ನಂಬರು ಇವೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲು ಹೊಳೆಯಲಿಲ್ಲ. ನನ್ನ ಪಾಲಿಗೆ ಒಂದು ಅಂದರೆ ಡೊಂಬಿವಲಿ ಗಾಡಿ ಬರುವ ಸೆಂಟ್ರಲ್ ಒಂದು. ತಪ್ಪು ನನ್ನದೇ.

ಸೇತುವೆ ಹತ್ತಿ ಪಶ್ಚಿಮದ ತುದಿಗೆ ಓಡಿದೆ. ಅಪ್ಪ ಅಲ್ಲಿ ಬೋರ್ಡಿನ ಕೆಳಗೇ ಇದ್ದರು. ಕೂತಿರಲಿಲ್ಲ, ನಿಂತಿದ್ದರು. ಬೂಟ್ ಪಾಲಿಶ್ ಮಾಡುವ ಹುಡುಗನೊಬ್ಬ ಒಂದು ಕಪ್ಪು ಚಹಾ ತಂದುಕೊಟ್ಟಿದ್ದನಂತೆ. ಕೂತರೆ ಮಗನಿಗೆ ಕಾಣಿಸಲಿಕ್ಕಿಲ್ಲ ಅಂತ ಮೂರು ತಾಸಿನ ಮೇಲೆ ನಿಂತೇ ಇದ್ದರು. ನನ್ನನ್ನು ಬೈಯಲಿಲ್ಲ. "ಒಂದನೇ ನಂಬರ ಅಂದಿ, ಒಂದನೇ ನಂಬರಿನ್ಯಾಗ ನಿಂತೀನಿ. ಮೂವತ್ತೈದ ವರ್ಷ ಸಾಲ್ಯಾಗ ಹುಡುಗರಿಗೆ ಅಂಕಿ ಕಲಿಸೀನಿ ತಮ್ಮಾ. ಒಂದು ಅನ್ನೂದು ಎರಡ ಇರ್ತಾವಂತ ನಂಗ ಗೊತ್ತಿರ್ಲಿಲ್ಲ," ಅಂದರು ಅಷ್ಟೇ.

ನಾಲ್ಕನೇ ದಿನ ಊರಿಗೆ ಹೊರಟರು. ಮತ್ತೆ ಮುಂಬಯಿಗೆ ಬರಲಿಲ್ಲ. ಕರೆದಾಗಲೆಲ್ಲ ಹೊಲ, ಆಕಳು, ಮಠದ ಜಾತ್ರೆ ಅಂತ ಏನಾದರೂ ನೆವ ಹೇಳುತ್ತಿದ್ದರು. 1996ರಲ್ಲಿ ತೀರಿಕೊಂಡರು. ಆ ಸಂಜೆಯೇ ಕಾರಣ ಅಂತ ಹೇಳಲಾರೆ. ಅಲ್ಲ ಅಂತಲೂ ಹೇಳಲಾರೆ.

ಬ್ಯಾಂಕಿನಲ್ಲಿ ನಮಗೆ ಮೊದಲ ವಾರ ಕಲಿಸುವ ಪಾಠ, ಒಂದು ಶಾಖೆಯಲ್ಲಿ ಒಂದೇ ನಂಬರಿನ ಎರಡು ಖಾತೆ ಇರಬಾರದು. ಇದ್ದರೆ ಯಾರದೋ ದುಡ್ಡು ಯಾರಿಗೋ ಜಮೆ ಆಗುತ್ತದೆ. ಎರಡು ಬ್ಯಾಂಕು ಒಂದಾದ ಮೇಲೆ ನಂಬರು ಬದಲಿಸಬೇಕಾಗಿ ಬಂದರೆ ಬದಲಿಸಿ ಗ್ರಾಹಕರಿಗೆ ತಿಳಿಸುತ್ತಾರೆ. ದಾದರ್‌ನಲ್ಲಿ ಕಂಪನಿಗಳ ಕಾಲ ಮುಗಿದದ್ದು 1951ಕ್ಕೆ. ನಂಬರು ಸರಿಹೋದದ್ದು 2023ರ ಡಿಸೆಂಬರಿನಲ್ಲಿ. ವೆಸ್ಟರ್ನ್ ರೈಲ್ವೆಯ 1ರಿಂದ 7 ಹಾಗೇ ಉಳಿದವು. ಸೆಂಟ್ರಲ್‌ನ ಒಂದನೇ ನಂಬರು ಎಂಟಾಯಿತು, ಅಲ್ಲಿಂದ ಮುಂದೆ 14ರ ತನಕ ಸಾಲಾಗಿ ಬಂತು. ಸೆಂಟ್ರಲ್‌ನ ಹಳೆಯ ಎರಡನೇ ಪ್ಲಾಟ್‌ಫಾರಂ ಅಷ್ಟರಲ್ಲಿ ಒಂದನೆಯದನ್ನು ಅಗಲ ಮಾಡುವ ಕೆಲಸದಲ್ಲಿ ಇಲ್ಲವಾಗಿತ್ತು.

ಪಾಸಿನ ವಿಷಯ ಮೇಲೆ ಹೇಳಿದೆನಲ್ಲ, ಅದನ್ನು ಇದರ ಪಕ್ಕ ಇಟ್ಟು ನೋಡಿ. ಹಣ ತೆಗೆದುಕೊಳ್ಳುವಾಗ ಎರಡೂ ರೈಲ್ವೆ ಒಂದೇ. ದಾದರ್ ಮಾರ್ಗವಾಗಿ ಅಂತ ಒಂದೇ ಚೀಟಿ, ಆಮೇಲೆ ಒಳಗೊಳಗೆ ಪಾಲು. ಲೆಕ್ಕದವರು ಕೂತು ಸರಿಮಾಡಿಕೊಂಡರು. ಹಾಗಾದರೆ ಎರಡು ಆಫೀಸಿನವರು ಒಂದು ಮೇಜಿಗೆ ಬರಲಾಗದ ಮಾತೇನಲ್ಲ. ನಂಬರಿನ ತಾಪತ್ರಯ ಅವರಿಗೆ ತಟ್ಟುತ್ತಿರಲಿಲ್ಲ, ದಿನಾ ಓಡಾಡುವ ನಮಗೂ ತಟ್ಟುತ್ತಿರಲಿಲ್ಲ. ತಟ್ಟುತ್ತಿದ್ದದ್ದು ಹೊಸದಾಗಿ ಬಂದವನಿಗೆ. ಅವನು ದೂರು ಬರೆಯುವುದಿಲ್ಲ, ಕೇಳಿಕೊಂಡು ಕೇಳಿಕೊಂಡು ದಾರಿ ಹುಡುಕಿ ಹೋಗಿಬಿಡುತ್ತಾನೆ. ಆರು ತಿಂಗಳಾದ ಮೇಲೆ ಅವನೂ ನಮ್ಮಂತೆಯೇ ಆಗುತ್ತಾನೆ.

ನನ್ನ ಮುಖ್ಯ ತಕರಾರು ಇಲ್ಲಿದೆ, ಅದು ರೈಲ್ವೆಯ ಮೇಲೆ ಎಷ್ಟೋ ನಮ್ಮ ಮೇಲೂ ಅಷ್ಟೇ. ಮುಂಬಯಿಯಲ್ಲಿ ನಾವು ಕಲಿತ ಮೊದಲ ಮಾತು ಅಡ್ಜಸ್ಟ್ ಮಾಡ್ಕೊಳ್ಳಿ. ಅದನ್ನೇ ದೊಡ್ಡ ಗುಣ ಅಂತ ಊರಿಗೆ ಹೋದಾಗ ಹೇಳಿಕೊಳ್ಳುತ್ತೇವೆ. 2006ರ ಜುಲೈ 11ರ ಸಂಜೆ ಪಶ್ಚಿಮದ ಹಳಿಯಲ್ಲಿ ಏಳು ಕಡೆ ಬಾಂಬು ಸಿಡಿದವು, ಮಾಟುಂಗಾ ರೋಡ್, ಮಾಹೀಮ್ ಹತ್ತಿರವೂ. ನಾನು ಆ ದಿನ ಶಾಖೆಯಲ್ಲಿ ತಡವಾಗಿ ಉಳಿದವನು, ರಾತ್ರಿ ಅಲ್ಲೇ ಮೇಜಿನ ಮೇಲೆ ಮಲಗಿದೆ. ಮರುದಿನ ಗಾಡಿ ಓಡಿದವು, ನಾವು ಹತ್ತಿದೆವು. ಪತ್ರಿಕೆಗಳೆಲ್ಲ ಮುಂಬಯಿಯ ಎದೆಗಾರಿಕೆ ಅಂತ ಬರೆದವು. ಬಾಂಬಿಗೆ ಹೆದರದೆ ಹೋದದ್ದು ಸರಿಯೇ, ಹೊಟ್ಟೆಪಾಡು ಬಿಡುವುದಿಲ್ಲ. ಆದರೆ ಬಾಂಬಿಗೆ ಸಲ್ಲುವ ಎದೆಗಾರಿಕೆಯನ್ನು ನಾವು ಕಿರಿದಾದ ಸೇತುವೆಗೂ, ತಗ್ಗಾದ ಪ್ಲಾಟ್‌ಫಾರಂಗೂ ತೋರಿಸುತ್ತಾ ಬಂದೆವು.

ದಾದರ್‌ನ ಮುಂದಿನ ಸ್ಟೇಷನ್ನು ಎಲ್ಫಿನ್‌ಸ್ಟನ್ ರೋಡ್, 2018ರಿಂದ ಅದರ ಹೆಸರು ಪ್ರಭಾದೇವಿ. ಸುತ್ತಮುತ್ತ ಬಟ್ಟೆ ಗಿರಣಿಗಳಿದ್ದ ಪ್ರದೇಶ. 1982ರ ದೊಡ್ಡ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿ, ಆ ಜಾಗದಲ್ಲಿ ಗಾಜಿನ ಆಫೀಸುಗಳು ಎದ್ದವು. ಗಿರಣಿ ಕಾರ್ಮಿಕ ಹತ್ತಿರದ ಚಾಳಿನಿಂದ ನಡೆದು ಬರುತ್ತಿದ್ದ, ಆಫೀಸಿನವನು ರೈಲಿನಲ್ಲಿ ಬಂದು ಇಳಿಯುತ್ತಾನೆ. ಕಟ್ಟಡಗಳಿಗೆ ಪರವಾನಗಿ ಸಿಕ್ಕಿತು, ಪಾದಚಾರಿ ಸೇತುವೆ ಹಳೆಯದೇ ಉಳಿಯಿತು. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ, ದಸರೆಯ ಹಿಂದಿನ ದಿನ, ಮಳೆ ಬಂತು ಅಂತ ಜನ ಸೇತುವೆಯ ಮೇಲೇ ನಿಂತರು. ಕೆಳಗಿನಿಂದ ಗಾಡಿಗಳು ಜನರನ್ನು ಇಳಿಸುತ್ತಲೇ ಇದ್ದವು. ಕಾಲ್ತುಳಿತದಲ್ಲಿ 23 ಮಂದಿ ಸತ್ತರು. ಆಮೇಲೆ ಸೈನ್ಯದವರು ಬಂದರು, 2018ರ ಫೆಬ್ರವರಿಯಲ್ಲಿ ಹೊಸ ಸೇತುವೆ ತೆರೆಯಿತು. ಐದೇ ತಿಂಗಳು! ಐದು ತಿಂಗಳ ಕೆಲಸಕ್ಕೆ 23 ಜೀವ ಮುಂಗಡ ಕೊಡಬೇಕಾಯಿತು.

2014ರ ಜನವರಿಯಲ್ಲಿ ಘಾಟ್ಕೋಪರ್‌ನಲ್ಲಿ ಒಬ್ಬ ಎಳೆಯ ಹುಡುಗಿ ಗಾಡಿಗೂ ಪ್ಲಾಟ್‌ಫಾರಂಗೂ ನಡುವಿನ ಸಂದಿಗೆ ಜಾರಿ ಎರಡೂ ಕೈ ಕಳೆದುಕೊಂಡಳು. ಪ್ಲಾಟ್‌ಫಾರಂಗಳನ್ನು ಎತ್ತರಿಸುವ ಕೆಲಸಕ್ಕೆ ಚುರುಕು ಬಂದದ್ದು ಅದರ ನಂತರ, ಕೋರ್ಟೂ ಗದರಿದ ಮೇಲೆ. 2025ರ ಜೂನ್ 9ರಂದು ಮುಂಬ್ರಾದ ತಿರುವಿನಲ್ಲಿ ಬಾಗಿಲಲ್ಲಿ ನೇತಾಡುತ್ತಿದ್ದವರು ಬಿದ್ದು ಸತ್ತರು. ಆ ದಿನವೇ ಲೋಕಲ್‌ಗಳಿಗೆ ಮುಚ್ಚುವ ಬಾಗಿಲು ಹಾಕಿಸುವ ಮಾತು ಬಂತು. ಮುಂಬ್ರಾದ ಆ ತಿರುವಿನಲ್ಲಿ ಎಷ್ಟೋ ವರ್ಷ ನಾನೂ ಬಾಗಿಲಲ್ಲಿ ನಿಂತು ಗಾಳಿ ಕುಡಿದವನು. ಹೆಂಡತಿ ಬೈದರೆ, ನಿನಗೇನು ಗೊತ್ತು ಲೋಕಲ್ಲಿನ ಮಜಾ ಅಂತ ನಗುತ್ತಿದ್ದೆ. ಈಗ ನಗು ಬರುವುದಿಲ್ಲ.

ಲೆಕ್ಕದ ಭಾಷೆಯಲ್ಲಿ ಇದಕ್ಕೆ ಪ್ರಾವಿಷನ್ ಇಲ್ಲದ ನಷ್ಟ ಅನ್ನುತ್ತೇವೆ. ಸಾಲ ಕೆಟ್ಟಿದೆ ಅಂತ ಗೊತ್ತಿರುತ್ತದೆ, ಪುಸ್ತಕದಲ್ಲಿ ಮಾತ್ರ ಚೆನ್ನಾಗಿದೆ ಅಂತ ಬರೆದಿರುತ್ತದೆ. ಒಂದು ದಿನ ಎಲ್ಲ ಒಟ್ಟಿಗೆ ಹೊರಬೀಳುತ್ತದೆ. ಅಗ್ಗದ ಪಾಸು ಎಂಬ ಜಮೆಯನ್ನು ನಾವು ಎದುರಿಗೆ ಕಾಣುವಂತೆ ಬರೆಯುತ್ತೇವೆ. ಅದನ್ನು ಅಗ್ಗವಾಗಿ ಇಡಲು ಯಾರ ಮೊಣಕಾಲು, ಯಾರ ಕೈ, ಯಾರ ಜೀವ ಖರ್ಚಾಯಿತು ಅನ್ನೋದು ಯಾವ ಕಾಲಮ್ಮಿನಲ್ಲೂ ಇಲ್ಲ. ಹೊರನಾಡ ಕನ್ನಡಿಗರಾದ ನಮ್ಮ ಬರಹಗಳಲ್ಲೂ ಅದಕ್ಕೆ ಜಾಗ ಕಡಿಮೆ. ಬಂದ ಊರಿನ ಮೇಲೆ ತಕರಾರು ಮಾಡಿದರೆ ಹೊರಗಿನವನು ಅಂದಾರು ಎಂಬ ಅಳುಕು ಒಂದು. ಇಷ್ಟೆಲ್ಲ ತಡೆದುಕೊಂಡೆವಲ್ಲ ಎಂಬ ಹೆಮ್ಮೆ ಇನ್ನೊಂದು. ಎರಡೂ ಸೇರಿ ಬಾಯಿ ಕಟ್ಟುತ್ತವೆ. ನಲವತ್ತು ವರ್ಷ ತೆರಿಗೆ ಕಟ್ಟಿ, ಪಾಸು ತೆಗೆಸಿ, ಮತ ಹಾಕಿದ ಊರು ಇದು. ತಕರಾರು ಮಾಡುವುದೂ ಇಲ್ಲಿಯವನಾಗುವ ಒಂದು ಬಗೆಯೇ.

ಈಗ ನನಗೆ ಅರವತ್ತಾರು. ಹೆಂಡತಿಗೆ ಮೊಣಕಾಲು ನೋವು. ಮರಾಠಿಯಲ್ಲಿ ದಾದರ್ ಅಂದರೆ ಮೆಟ್ಟಿಲು ಎಂಬ ಅರ್ಥ ಇದೆ. ಚಿಕ್ಕವನಿದ್ದಾಗ ಇದು ತಮಾಷೆಯ ಮಾತಾಗಿತ್ತು, ಈಗ ನಾವಿಬ್ಬರೂ ಮೆಟ್ಟಿಲು ಎಣಿಸುವ ವಯಸ್ಸಿಗೆ ಬಂದಿದ್ದೇವೆ. 2020ರ ಮಾರ್ಚಿನಲ್ಲಿ ದೂರದ ಗಾಡಿಗಳಲ್ಲಿ ಹಿರಿಯರಿಗಿದ್ದ ರಿಯಾಯಿತಿ ನಿಂತಿತು. ಗಂಡಸರಿಗೆ ನೂರಕ್ಕೆ 40, ಹೆಂಗಸರಿಗೆ 50 ಇತ್ತು. ಕೋವಿಡ್ ಹೋಯಿತು, ರಿಯಾಯಿತಿ ತಿರುಗಿ ಬರಲಿಲ್ಲ. 2025ರಲ್ಲಿ ಲಗೇಜಿನ ಒಂದು ಡಬ್ಬಿಯನ್ನು ಹಿರಿಯ ನಾಗರಿಕರಿಗಾಗಿ ಮಾರ್ಪಡಿಸಿದ ಲೋಕಲ್ ಸೆಂಟ್ರಲ್ ರೈಲ್ವೆಯಲ್ಲಿ ಓಡಿತು. ಲಗೇಜಿನ ಜಾಗ ನಮಗೆ ಕೊಟ್ಟರಲ್ಲ, ಸರಿಯಾಗಿಯೇ ಅಳತೆ ಮಾಡಿದ್ದಾರೆ ಅಂತ ನಮ್ಮ ಕಟ್ಟಡದ ಮುದುಕರೆಲ್ಲ ನಕ್ಕೆವು. ನಕ್ಕರೂ ಹೇಳುತ್ತೇನೆ, ಅದು ಒಳ್ಳೆಯ ಕೆಲಸ. ಯಾರೂ ಬಿದ್ದು ಸಾಯುವ ಮೊದಲೇ, ಕೋರ್ಟಿಗೆ ಒಬ್ಬರು ಹೋಗಿ ಕೇಳಿದ್ದರಿಂದ ಆದ ಕೆಲಸ.

ಒಂದು ಸ್ಟೇಷನ್ನನ್ನು ಅಳೆಯಲು ನನ್ನ ಹತ್ತಿರ ಇರುವ ಕೋಲು ಒಂದೇ. ದಿನಾ ಬರುವವನು ಎಷ್ಟು ಬೇಗ ದಾಟಿ ಹೋಗುತ್ತಾನೆ ಎಂಬುದಲ್ಲ, ಅವನು ಕಣ್ಣು ಮುಚ್ಚಿಕೊಂಡೂ ಹೋದಾನು. ಮೊದಲ ಸಲ ಬಂದ ಹಳ್ಳಿಯ ಮುದುಕ, ಹೇಳಿದ ಜಾಗದಲ್ಲಿ ನಿಂತರೆ ಮಗನಿಗೆ ಸಿಗುತ್ತಾನೋ ಇಲ್ಲವೋ? ಪ್ರತಿ ವರ್ಷ ಡಿಸೆಂಬರ್ 6ಕ್ಕೆ ಚೈತ್ಯಭೂಮಿಗೆ ಲಕ್ಷಾಂತರ ಜನ ಇದೇ ಸ್ಟೇಷನ್ನಿಗೆ ಬಂದಿಳಿಯುತ್ತಾರೆ. ಎಷ್ಟೋ ಮಂದಿ ಮೊದಲ ಸಲ ಬಂದವರು, ಕೈಯಲ್ಲಿ ಗಂಟು, ಬೆನ್ನ ಹಿಂದೆ ಮಕ್ಕಳು. ಸ್ಟೇಷನ್ ಇರುವುದು ಅವರಿಗೋಸ್ಕರವೂ ಹೌದು. ಈ ಕೋಲಿನಿಂದ ಅಳೆದರೆ 2023ರ ತನಕ ದಾದರ್‌ಗೆ ನಾನು ಪಾಸ್ ಮಾರ್ಕು ಕೊಡಲಾರೆ. ಈಗ ಕೊಡುತ್ತೇನೆ, ತಡ ಮಾಡಿದ್ದಕ್ಕೆ ಷರಾ ಬರೆದು.

ನಂಬರು ಬದಲಾದ ವಾರ ನಾನು ಬೇರೆ ಕೆಲಸವಿಲ್ಲದೆಯೇ ದಾದರ್‌ಗೆ ಹೋದೆ. ಪಶ್ಚಿಮದ ತುದಿಯಿಂದ ಶುರುಮಾಡಿ, ಸೇತುವೆಯ ಮೇಲೆ ನಿಧಾನ ನಡೆಯುತ್ತಾ, ಒಂದರಿಂದ ಹದಿನಾಲ್ಕರ ತನಕ ಬೋರ್ಡು ಎಣಿಸಿದೆ. ಎಲ್ಲೂ ತಪ್ಪಿಲ್ಲ. ಮನೆಗೆ ಬಂದು ಗದಗಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಹೇಳಿದೆ, ದಾದರ್‌ನಾಗ ಈಗ ಒಂದನೇ ನಂಬರ ಒಂದ ಐತೆವ್ವಾ ಅಂತ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು, "ಛಲೋ ಆತು ಬಿಡೋ. ಇನ್ನೊಬ್ಬರ ಅಪ್ಪಗರ ಅನುಕೂಲ ಆಕ್ಕೈತಿ."